ಎರಡು ಶೇಕಡಾವಾರುಗಳನ್ನು ಕೂಡಿದರೆ 108: ಸಮೀಕ್ಷೆಯ ಅಂಕಿಗಳಿಗೆ ಸಂಕಲನ ನಿಯಮವನ್ನು ಅನ್ವಯಿಸುವಾಗ ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ಲೆಕ್ಕದಹಾಳೆ

ಓದಿನ ಅಭ್ಯಾಸವನ್ನು ಕುರಿತ ಸಮೀಕ್ಷೆಯೊಂದರ ವರದಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಂಭವನೀಯತೆಯನ್ನು ಪದವಿಯ ದಿನಗಳಲ್ಲಿ ಪರೀಕ್ಷೆಗೆ ಬೇಕಾದಷ್ಟು ಕಲಿತು, ಆಮೇಲೆ ಬಳಸದೆ ಮರೆತವನು ನಾನು. ಪ್ರಶ್ನೆ ತೀರಾ ಪ್ರಾಥಮಿಕವೆನಿಸಿದರೆ ಮನ್ನಿಸಬೇಕು.

ಗ್ರಂಥಾಲಯವೊಂದರ ಸದಸ್ಯರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಅವರಿಗೆ ಕಾಗದದ ನಮೂನೆಯನ್ನು ಕಳುಹಿಸಲಾಗಿತ್ತು. ತುಂಬಿ ಹಿಂದಿರುಗಿದವು 500. ಏಳನೆಯ ಪ್ರಶ್ನೆ ಹೀಗಿತ್ತು: ‘ಕಳೆದ ತಿಂಗಳಲ್ಲಿ ನೀವು ಯಾವ ರೂಪದಲ್ಲಿ ಓದಿದಿರಿ? ಅನ್ವಯಿಸುವ ಎಲ್ಲಕ್ಕೂ ಗುರುತು ಹಾಕಿ.’ ಮುದ್ರಿತ ಪುಸ್ತಕಕ್ಕೆ 310 ಮಂದಿ, ಮೊಬೈಲಿಗೆ 230 ಮಂದಿ, ‘ಯಾವುದೂ ಇಲ್ಲ’ ಎಂಬುದಕ್ಕೆ 63 ಮಂದಿ ಗುರುತು ಹಾಕಿದ್ದಾರೆ. ಅಂದರೆ ಶೇ. 62, ಶೇ. 46 ಮತ್ತು ಶೇ. 12.6. ‘ಪುಸ್ತಕದಲ್ಲಿ ಅಥವಾ ಮೊಬೈಲಿನಲ್ಲಿ ಓದಿದವರು ಶೇ. 108’ ಎಂದು ಕರಡಿನಲ್ಲಿ ಬರೆದು, ಓದಿ ನೋಡಿ, ನಾನೇ ಬೆಚ್ಚಿದೆ. ಬಳಿಕ ಪಠ್ಯಪುಸ್ತಕವನ್ನು ತೆರೆದು, ಎರಡೂ ರೂಪಗಳಲ್ಲಿ ಓದಿದವರನ್ನು ಒಮ್ಮೆ ಕಳೆಯಬೇಕೆಂದು ತಿಳಿದು, 310, 230 ಮತ್ತು 63ನ್ನು ಕೂಡಿ 500ನ್ನು ಕಳೆದು, ಎರಡರಲ್ಲೂ ಓದಿದವರು 103 ಎಂದು ತೀರ್ಮಾನಿಸಿದೆ. ಇದು ಸರಿಯೇ?

ಎರಡನೆಯ ತೊಡಕು ಇದು. ಉತ್ತರಿಸಿದವರಲ್ಲಿ 30 ವರ್ಷದೊಳಗಿನವರು 200 ಮಂದಿ, ಅಂದರೆ ಶೇ. 40. ‘30ರೊಳಗಿನವರು ಅಥವಾ ಮೊಬೈಲಿನಲ್ಲಿ ಓದುವವರು’ ಎಷ್ಟು ಎಂಬುದನ್ನು ಕಂಡುಹಿಡಿಯಲು 0.40 ಮತ್ತು 0.46ನ್ನು ಗುಣಿಸಿ, ಬಂದ 0.184ನ್ನು ಮೊತ್ತದಿಂದ ಕಳೆದೆ, ಶೇ. 67.6 ಬಂತು. ಸಹೋದ್ಯೋಗಿಯೊಬ್ಬರು ನಮೂನೆಗಳನ್ನು ಒಂದೊಂದಾಗಿ ಎಣಿಸಿ ಶೇ. 58 ಎನ್ನುತ್ತಿದ್ದಾರೆ. ಸೂತ್ರ ಸರಿಯಾಗಿರುವಾಗ ಇಷ್ಟು ದೊಡ್ಡ ಅಂತರ ಹೇಗೆ ಬಂತು?

ಮೂರನೆಯದು, ಆಡಿಯೋ ಪುಸ್ತಕಗಳನ್ನು ಕುರಿತ ಒಂಬತ್ತನೆಯ ಪ್ರಶ್ನೆ. ‘ಹೌದು’ ಎಂದವರು ಶೇ. 20. ಪುಸ್ತಕ ಮತ್ತು ಆಡಿಯೋ ಎರಡೂ ಇರುವವರು ಶೇ. 12 ಎಂದು ಕೋಷ್ಟಕದಲ್ಲಿದೆ. ಹಾಗಾದರೆ 62ಕ್ಕೆ 20ನ್ನು ಕೂಡಿ 12ನ್ನು ಕಳೆದು, ‘ಪುಸ್ತಕ ಅಥವಾ ಆಡಿಯೋ’ ಶೇ. 70 ಎಂದು ಬರೆಯಬಹುದಲ್ಲವೇ? ಇದರಲ್ಲಾದರೂ ತಪ್ಪಿರಲಾರದು ಎಂದುಕೊಂಡಿದ್ದೇನೆ.

ಉತ್ತರ: ನಿವೃತ್ತ_ಮೇಷ್ಟ್ರು

ನಿಮ್ಮ ಸೂತ್ರ ಸರಿಯಾಗಿದೆ. ಅದರೊಳಗೆ ಹಾಕಿದ ಸಂಖ್ಯೆಗಳು ಬಂದ ದಾರಿ ಸರಿಯಿಲ್ಲ. ಮೊದಲ ಎರಡು ಪ್ರಶ್ನೆಗಳಲ್ಲಿ ಎಡವಿರುವುದು ಒಂದೇ ಕಡೆ, ಸೂತ್ರದಲ್ಲಿ ಕಳೆಯಬೇಕಾದ ಮೂರನೆಯ ಪದದಲ್ಲಿ. ಅವೆರಡನ್ನು ನಾನು ನೋಡುತ್ತೇನೆ, ಆಡಿಯೋ ಪ್ರಶ್ನೆಯನ್ನು ಸಮೀಕ್ಷೆಗಳಲ್ಲಿ ನುರಿತವರು ಯಾರಾದರೂ ಎತ್ತಿಕೊಳ್ಳಲಿ.

ಸಂಕಲನ ನಿಯಮ ಹೇಳುವುದಿಷ್ಟು: ಪಿ(ಎ ಅಥವಾ ಬಿ) = ಪಿ(ಎ) + ಪಿ(ಬಿ) − ಪಿ(ಎ ಮತ್ತು ಬಿ). ಇಲ್ಲಿ ಪಿ(ಎ) ಎಂದರೆ ‘ಎ’ ಎಂಬ ಘಟನೆಯ ಸಂಭವನೀಯತೆ. ಎರಡು ಘಟನೆಗಳು ಒಟ್ಟಿಗೆ ಘಟಿಸಲು ಸಾಧ್ಯವೇ ಇಲ್ಲದಿದ್ದರೆ ಕಡೆಯ ಪದ ಸೊನ್ನೆಯಾಗಿ, ಬರಿಯ ಕೂಡುವಿಕೆ ಉಳಿಯುತ್ತದೆ. ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಸಂಭವನೀಯತೆಗೆ ಸ್ವೀಕೃತ ತತ್ವಗಳ ಅಡಿಪಾಯವನ್ನು ಹಾಕಿದಾಗ ತತ್ವವಾಗಿ ಇಟ್ಟುಕೊಂಡದ್ದು ಈ ಬರಿಯ ಕೂಡುವಿಕೆಯನ್ನೇ; ಕಳೆಯುವ ಪದವುಳ್ಳ ಸಾಮಾನ್ಯ ರೂಪ ಅದರಿಂದ ತಾನಾಗಿ ಹೊರಡುತ್ತದೆ. ನಿಮ್ಮ ಸಮೀಕ್ಷೆಯಲ್ಲಿಯೇ ನೋಡಿ: ‘ಪುಸ್ತಕ ಅಥವಾ ಮೊಬೈಲ್’ ಗುಂಪನ್ನು ‘ಪುಸ್ತಕದಲ್ಲಿ ಓದಿದವರೆಲ್ಲರೂ’ ಮತ್ತು ‘ಪುಸ್ತಕ ಮುಟ್ಟದೆ ಮೊಬೈಲಿನಲ್ಲಿ ಮಾತ್ರ ಓದಿದವರು’ ಎಂದು ಎರಡಾಗಿ ಸೀಳಿದರೆ, ಒಬ್ಬ ವ್ಯಕ್ತಿಯೂ ಎರಡೂ ಕಡೆ ಇರುವುದಿಲ್ಲ, ಆದ್ದರಿಂದ ನಿಶ್ಚಿಂತೆಯಿಂದ ಕೂಡಬಹುದು. ಎರಡನೆಯ ತುಂಡು ಎಂದರೆ ಮೊಬೈಲಿನವರಲ್ಲಿ ಎರಡರಲ್ಲೂ ಇರುವವರನ್ನು ಬಿಟ್ಟು ಉಳಿದವರು. ಕಳೆಯುವ ಪದ ಹುಟ್ಟುವುದು ಅಲ್ಲಿಂದ.

ಈಗ ವಯಸ್ಸಿನ ಪ್ರಶ್ನೆಗೆ ಬರೋಣ. ನೀವು ಎರಡು ಶೇಕಡಾವಾರುಗಳನ್ನು ಗುಣಿಸಿದ ಕ್ಷಣದಲ್ಲಿ, ವಯಸ್ಸಿಗೂ ಮೊಬೈಲಿನಲ್ಲಿ ಓದುವುದಕ್ಕೂ ಏನೇನೂ ಸಂಬಂಧವಿಲ್ಲ ಎಂದು ಒಪ್ಪಿಕೊಂಡಂತಾಯಿತು. ಪಿ(ಎ) ಮತ್ತು ಪಿ(ಬಿ)ಗಳ ಗುಣಲಬ್ಧವು ಪಿ(ಎ ಮತ್ತು ಬಿ)ಗೆ ಸಮವಾಗುವುದು ಅವು ಸ್ವತಂತ್ರ ಘಟನೆಗಳಾಗಿದ್ದಾಗ ಮಾತ್ರ. ದಾಳಗಳನ್ನು ಉರುಳಿಸುವಾಗ ಅದನ್ನು ಧಾರಾಳವಾಗಿ ಬಳಸುತ್ತೇವೆ, ಏಕೆಂದರೆ ಒಂದು ದಾಳಕ್ಕೆ ಇನ್ನೊಂದರ ಸುದ್ದಿ ತಿಳಿಯುವುದಿಲ್ಲ. ಸಮೀಕ್ಷೆಯಲ್ಲಿ ಎರಡು ಉತ್ತರಗಳೂ ಒಬ್ಬನೇ ಮನುಷ್ಯನಿಂದ ಬಂದಿರುತ್ತವೆ. ಅವುಗಳ ನಡುವೆ ಸಂಬಂಧವಿದೆಯೇ ಎಂದು ತಿಳಿಯಲೆಂದೇ ಎಷ್ಟೋ ಬಾರಿ ಸಮೀಕ್ಷೆ ನಡೆಸುತ್ತೇವೆ. ಸಂಬಂಧವಿಲ್ಲವೆಂದು ಮೊದಲೇ ಭಾವಿಸಿ ಲೆಕ್ಕ ಹಾಕಿದರೆ ನಮೂನೆಗಳನ್ನು ತುಂಬಿಸಿಕೊಂಡ ಶ್ರಮವೆಲ್ಲ ವ್ಯರ್ಥ.

ನಿಮ್ಮ ಸಹೋದ್ಯೋಗಿಯ ಶೇ. 58 ಎಂಬ ಉತ್ತರದಿಂದ ಹಿಂದಕ್ಕೆ ನಡೆದರೆ ಒಳಗಿನ ಚಿತ್ರ ಕಾಣಿಸುತ್ತದೆ. 500ರ ಶೇ. 58 ಎಂದರೆ 290 ಮಂದಿ. 200 ಮತ್ತು 230ರ ಮೊತ್ತ 430. ಆದ್ದರಿಂದ 30ರೊಳಗಿನ ಮೊಬೈಲ್ ಓದುಗರು 140. ಅಡ್ಡಸಾಲಿನಲ್ಲಿ ವಯಸ್ಸನ್ನೂ ಕಂಬಸಾಲಿನಲ್ಲಿ ಮೊಬೈಲನ್ನೂ ಇಟ್ಟು ಒಂದು ಚಿಕ್ಕ ಕೋಷ್ಟಕ ಬರೆಯಿರಿ: ಕಿರಿಯರಲ್ಲಿ ಮೊಬೈಲಿನವರು 140, ಮೊಬೈಲಿಲ್ಲದವರು 60, ಹಿರಿಯರಲ್ಲಿ ಮೊಬೈಲಿನವರು 90, ಇಲ್ಲದವರು 210. ಕಿರಿಯರಲ್ಲಿ ಶೇ. 70, ಹಿರಿಯರಲ್ಲಿ ಶೇ. 30! ಇಷ್ಟು ಬಲವಾದ ಸಂಬಂಧವಿರುವಲ್ಲಿ ನಿಮ್ಮ ಗುಣಾಕಾರ 140ರ ಜಾಗದಲ್ಲಿ 92ನ್ನು ಕೊಟ್ಟಿತು, ಉಳಿದ 48 ಮಂದಿ ಎರಡೆರಡು ಬಾರಿ ಎಣಿಕೆಯಾದರು. ಉತ್ತರ ಉಬ್ಬಿದ್ದು ಆ 48ರಿಂದಲೇ.

ಇಲ್ಲಿ ಬಹಳ ಮಂದಿಗೆ ಎರಡು ಪದಗಳು ಕಲೆತುಹೋಗುತ್ತವೆ, ತರಗತಿಯಲ್ಲಿ ವರ್ಷವರ್ಷವೂ ಇದನ್ನು ಕಂಡಿದ್ದೇನೆ. ‘ಪರಸ್ಪರ ವರ್ಜಿತ’ ಎಂದರೆ ಒಂದು ಘಟಿಸಿದರೆ ಇನ್ನೊಂದು ಘಟಿಸದು. ‘ಸ್ವತಂತ್ರ’ ಎಂದರೆ ಒಂದು ಘಟಿಸಿತೆಂಬ ಸುದ್ದಿಯಿಂದ ಇನ್ನೊಂದರ ಸಾಧ್ಯತೆ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎರಡೂ ಸೊನ್ನೆಗಿಂತ ಹೆಚ್ಚಿನ ಸಂಭವನೀಯತೆಯುಳ್ಳ ಘಟನೆಗಳಾಗಿದ್ದರೆ, ಪರಸ್ಪರ ವರ್ಜಿತವಾದವು ಸ್ವತಂತ್ರವಾಗಿರಲು ಸಾಧ್ಯವೇ ಇಲ್ಲ. ಒಂದು ಘಟಿಸಿದೆ ಎಂದು ತಿಳಿದರೆ ಇನ್ನೊಂದು ಖಂಡಿತ ಇಲ್ಲವೆಂದು ತಿಳಿದಂತೆಯೇ, ಅದಕ್ಕಿಂತ ದೊಡ್ಡ ಅವಲಂಬನೆ ಯಾವುದು?

ಇನ್ನು 103ರ ವಿಷಯ. ಕೂಡಿ 500ನ್ನು ಕಳೆಯುವ ನಿಮ್ಮ ದಾರಿ ತರ್ಕದಲ್ಲಿ ಸರಿ, ಆದರೆ ಅದು ನಿಲ್ಲುವುದು ಒಂದು ನಂಬಿಕೆಯ ಮೇಲೆ: ಪ್ರತಿಯೊಬ್ಬರೂ ಪುಸ್ತಕ, ಮೊಬೈಲ್ ಇವೆರಡರಲ್ಲಿ ಕನಿಷ್ಠ ಒಂದಕ್ಕೆ ಗುರುತು ಹಾಕಿದ್ದಾರೆ, ಇಲ್ಲವಾದರೆ ‘ಯಾವುದೂ ಇಲ್ಲ’ ಎಂಬುದಕ್ಕೆ ಮಾತ್ರ ಹಾಕಿದ್ದಾರೆ ಎಂಬ ನಂಬಿಕೆ. ಎಲ್ಲವನ್ನೂ ಖಾಲಿ ಬಿಟ್ಟವರಿದ್ದರೆ ಲೆಕ್ಕ ಕೆಳಕ್ಕೆ ಜಗ್ಗುತ್ತದೆ. ‘ಯಾವುದೂ ಇಲ್ಲ’ ಎನ್ನುತ್ತಲೇ ಪುಸ್ತಕಕ್ಕೂ ಗುರುತು ಹಾಕಿದವರಿದ್ದರೆ ಮೇಲಕ್ಕೆ ಏರುತ್ತದೆ. ಎರಡೂ ಬಗೆಯವರು ಸಮಸಮವಾಗಿದ್ದರೆ ತಪ್ಪು ಅಡಗಿಯೇ ಹೋಗುತ್ತದೆ. ದಯವಿಟ್ಟು ಮೂಲ ಹಾಳೆಯನ್ನು ತೆರೆದು, ಎರಡೂ ಕಾಲಂಗಳಲ್ಲಿ ಗುರುತಿರುವ ಸಾಲುಗಳನ್ನು ನೇರವಾಗಿ ಎಣಿಸಿ ತಿಳಿಸಿ. 103 ಬಂದರೆ ಒಳ್ಳೆಯದು; ಬಾರದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದು ದೋಷ ಕೈಗೆ ಸಿಕ್ಕಿತು.

ಉತ್ತರ: ಪದಪ್ರಿಯ

ಗಣಿತದ ಮಾತು ಮೇಷ್ಟ್ರು ಹೇಳಿಯಾಯಿತು, ನನ್ನದು ಭಾಷೆಯ ಒಂದು ತಕರಾರು. ಸಂಕಲನ ನಿಯಮದ ‘ಅಥವಾ’ ಎಂಬುದು ‘ಇದು, ಇಲ್ಲವೇ ಅದು, ಇಲ್ಲವೇ ಎರಡೂ’ ಎಂಬ ಅರ್ಥದ್ದು. ನಾವು ಮಾತಿನಲ್ಲಿ ‘ಪುಸ್ತಕವೋ ಮೊಬೈಲೋ’ ಎಂದು ಕೇಳಿದರೆ ಕೇಳಿಸಿಕೊಂಡವರು ಒಂದನ್ನು ಆರಿಸಿ ಹೇಳುತ್ತಾರೆ, ಎರಡೂ ಎನ್ನುವವರು ಕಡಿಮೆ. ‘ಪುಸ್ತಕದಲ್ಲಾಗಲಿ ಮೊಬೈಲಿನಲ್ಲಾಗಲಿ ಓದಿದ್ದೀರಾ’ ಎಂದು ಕೇಳಿದರೆ ಮಾತ್ರ ಗಣಿತದ ‘ಅಥವಾ’ ಹೊಮ್ಮುತ್ತದೆ. ವರದಿಯಲ್ಲಿ ‘ಅಥವಾ’ ಎಂದು ಬರೆದು ಬಿಟ್ಟರೆ ಓದುಗರಲ್ಲಿ ಅರ್ಧದಷ್ಟು ಮಂದಿ ‘ಒಂದರಲ್ಲಿ ಮಾತ್ರ ಓದುವವರು’ ಎಂದು ತಿಳಿದಾರು. ‘ಕನಿಷ್ಠ ಒಂದು ರೂಪದಲ್ಲಿ ಓದಿದವರು’ ಎಂದು ಬರೆಯಿರಿ, ಗೊಂದಲವಿರದು. ಒಂದರಲ್ಲಿ ಮಾತ್ರ ಓದುವವರು ಬೇಕೆಂದಾದರೆ ಎರಡರಲ್ಲೂ ಇರುವವರನ್ನು ಒಮ್ಮೆಯಲ್ಲ, ಎರಡು ಬಾರಿ ಕಳೆಯಬೇಕಾಗುತ್ತದೆ ಎಂಬುದನ್ನೂ ನೆನಪಿಡಿ.

ಮರುಪ್ರತಿಕ್ರಿಯೆ: ಲೆಕ್ಕದಹಾಳೆ

ಮೇಷ್ಟ್ರೇ, ನಿಮ್ಮ ಅನುಮಾನವೇ ನಿಜವಾಯಿತು. ಎಕ್ಸೆಲ್ ಹಾಳೆಯಲ್ಲಿ ಪುಸ್ತಕದ ಕಾಲಂ ಮತ್ತು ಮೊಬೈಲಿನ ಕಾಲಂ ಎರಡರಲ್ಲೂ 1 ಇರುವ ಸಾಲುಗಳನ್ನು ಸೋಸಿ ನೋಡಿದೆ: 103 ಅಲ್ಲ, ಸರಿಯಾಗಿ 100. ಹಾಗಾದರೆ ಕನಿಷ್ಠ ಒಂದರಲ್ಲಿ ಓದಿದವರು 310 + 230 − 100 = 440, ಉಳಿಯಬೇಕಾದವರು 60. ‘ಯಾವುದೂ ಇಲ್ಲ’ ಎಂಬ ಕಾಲಂ ಮಾತ್ರ 63 ಎನ್ನುತ್ತಿದೆ. ಮೂವರು ಹೆಚ್ಚು.

ಆ ಮೂವರನ್ನು ಹುಡುಕುವುದು ಕಷ್ಟವಾಗಲಿಲ್ಲ. ‘ಯಾವುದೂ ಇಲ್ಲ’ದಲ್ಲಿ 1 ಇದ್ದು, ಅದೇ ಸಾಲಿನಲ್ಲಿ ಇನ್ನೊಂದು 1 ಇರುವ ಸಾಲುಗಳು ಮೂರೇ ಮೂರು ಸಿಕ್ಕವು. ಕಟ್ಟಿನಿಂದ ಕಾಗದದ ನಮೂನೆಗಳನ್ನು ಹೊರತೆಗೆದೆ. ಎರಡರಲ್ಲಿ ‘ಯಾವುದೂ ಇಲ್ಲ’ ಎಂಬುದರ ಚೌಕಕ್ಕೆ ಮೊದಲು ಗುರುತು ಹಾಕಿ, ಮನಸ್ಸು ಬದಲಿಸಿ, ಅದರ ಮೇಲೆ ಅಡ್ಡಗೆರೆ ಎಳೆದು, ಪುಸ್ತಕದ ಚೌಕಕ್ಕೆ ಗುರುತು ಹಾಕಿದ್ದಾರೆ. ನಮೂದಿಸುವವರಿಗೆ ಅಡ್ಡಗೆರೆ ಕಂಡಿಲ್ಲ, ಅಥವಾ ಕಂಡರೂ ಗುರುತೆಂದೇ ತಿಳಿದಿದ್ದಾರೆ. ಮೂರನೆಯ ನಮೂನೆಯಲ್ಲಿ ಎರಡು ಗುರುತುಗಳೂ ದಟ್ಟವಾಗಿಯೇ ಇವೆ. ಆದರೆ ಮುಂದಿನ ‘ದಿನಕ್ಕೆ ಎಷ್ಟು ಹೊತ್ತು ಮೊಬೈಲಿನಲ್ಲಿ ಓದುವಿರಿ’ ಎಂಬ ಪ್ರಶ್ನೆಗೆ ಅವರು ‘ಅರ್ಧ ಗಂಟೆ’ ಎಂದು ಬರೆದಿರುವುದರಿಂದ, ಮೊಬೈಲಿನ ಗುರುತನ್ನು ಉಳಿಸಿ ಇನ್ನೊಂದನ್ನು ತೆಗೆದಿದ್ದೇನೆ ಮತ್ತು ಹಾಗೆ ಮಾಡಿದ್ದನ್ನು ಹಾಳೆಯ ಬದಿಯಲ್ಲಿ ದಾಖಲಿಸಿದ್ದೇನೆ. ಈಗ 60 ಮತ್ತು 440 ಸೇರಿ 500 ಆಗುತ್ತಿದೆ. ವರದಿಗೆ ಶೇ. 88 ಎಂದು ಬರೆಯುತ್ತೇನೆ.

ಪದಪ್ರಿಯರೇ, ‘ಕನಿಷ್ಠ ಒಂದು’ ಎಂಬ ಮಾತನ್ನು ಹಾಗೆಯೇ ಎತ್ತಿಕೊಂಡಿದ್ದೇನೆ. ಒಂದರಲ್ಲಿ ಮಾತ್ರ ಓದುವವರು 310 + 230 − 200 = 340, ಅಂದರೆ ಶೇ. 68 ಎಂದು ಪಕ್ಕದಲ್ಲಿಯೇ ಕೊಟ್ಟಿದ್ದೇನೆ.

ಆಡಿಯೋ ಪ್ರಶ್ನೆ ಹಾಗೆಯೇ ಉಳಿದಿದೆ. ಇನ್ನೊಂದು ವಿಷಯವನ್ನೂ ಹೇಳಬೇಕು: ಗ್ರಂಥಾಲಯದ ಸದಸ್ಯತ್ವ ಪಟ್ಟಿಯ ಪ್ರಕಾರ 30ರೊಳಗಿನವರು ಒಟ್ಟು ಸದಸ್ಯರಲ್ಲಿ ಕಾಲು ಭಾಗ ಮಾತ್ರ. ನಮೂನೆ ತುಂಬಿದವರಲ್ಲಿ ಅವರೇ ಶೇ. 40 ಇದ್ದಾರೆ. ಇದರಿಂದ ಸಂಕಲನ ನಿಯಮಕ್ಕೆ ಏನಾದರೂ ಬಾಧೆಯಿದೆಯೇ?

ಉತ್ತರ: ಮಾದರಿ_ಮಂದಿ

ಸಮೀಕ್ಷೆಗಳ ದತ್ತಾಂಶವನ್ನು ಶುದ್ಧಗೊಳಿಸುವುದೇ ನನ್ನ ಉದ್ಯೋಗ. ಆ ಮೂರು ನಮೂನೆಗಳನ್ನು ಕಟ್ಟಿನಿಂದ ಹೊರತೆಗೆದು ನೋಡಿದಿರಲ್ಲ, ಓದಿ ಸಂತೋಷವಾಯಿತು. ಹೆಚ್ಚಿನವರು ಸೂತ್ರದಲ್ಲಿ 103ನ್ನು ಹಾಕಿ ಮುಂದೆ ನಡೆದುಬಿಡುತ್ತಾರೆ.

ಆಡಿಯೋ ಪ್ರಶ್ನೆಯಲ್ಲಿ ನಾನು ಮೊದಲು ಕೇಳುವುದು ಒಂದೇ: ಆ ಶೇ. 20 ಎಷ್ಟು ಮಂದಿಯಲ್ಲಿ? ಕೋಷ್ಟಕದ ಅಡಿಯಲ್ಲಿ ‘ಉತ್ತರಿಸಿದವರು’ ಎಂಬ ಸಾಲೊಂದು ಇರಬೇಕು, ನೋಡಿ ಹೇಳಿ.

ಮರುಪ್ರತಿಕ್ರಿಯೆ: ಲೆಕ್ಕದಹಾಳೆ

ಇದೆ. 450. ಐವತ್ತು ಮಂದಿ ಒಂಬತ್ತನೆಯ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಾರೆ. ಅದು ನಮೂನೆಯ ಹಿಂಬದಿಯಲ್ಲಿತ್ತು. ‘ಹೌದು’ ಎಂದವರು 90, ಅವರಲ್ಲಿ ಪುಸ್ತಕ ಓದುವವರೂ ಆಗಿರುವವರು 54. ಆ 450 ಮಂದಿಯಲ್ಲಿ ಪುಸ್ತಕ ಓದುವವರು 288 ಎಂದು ಈಗಷ್ಟೇ ಎಣಿಸಿದೆ.

ಉತ್ತರ: ಮಾದರಿ_ಮಂದಿ

ಹಾಗಿದ್ದರೆ ನಿಮ್ಮ ಶೇ. 70 ಯಾವ ಗುಂಪಿನದ್ದೂ ಅಲ್ಲ. ಅದರಲ್ಲಿರುವ 62 ಎಂಬುದು 500ರ ಪಾಲು, 20 ಮತ್ತು 12 ಎಂಬವು 450ರ ಪಾಲು. ಸಂಕಲನ ನಿಯಮದ ಮೂರು ಪದಗಳೂ ಒಂದೇ ಸಮುದಾಯದ ಮೇಲೆ ನಿಂತಿರಬೇಕು. ಶೇಕಡಾ ಚಿಹ್ನೆ ಛೇದವನ್ನು ನುಂಗಿ ಕುಳಿತಿರುತ್ತದೆ, ಅದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನಾನಂತೂ ಹೊಸಬರಿಗೆ, ಕೂಡುವ ಕಳೆಯುವ ಕೆಲಸವನ್ನೆಲ್ಲ ತಲೆ ಎಣಿಕೆಯಲ್ಲಿಯೇ ಮುಗಿಸಿ, ಶೇಕಡಾವನ್ನು ಕಡೆಯ ಸಾಲಿನಲ್ಲಿ ಒಮ್ಮೆ ಮಾತ್ರ ಬರೆಯಿರಿ ಎಂದು ಒತ್ತಾಯಿಸುತ್ತೇನೆ.

ಎರಡೂ ಪ್ರಶ್ನೆಗಳಿಗೆ ಉತ್ತರಿಸಿದ 450 ಮಂದಿಯಲ್ಲಿ ಲೆಕ್ಕ ಹೀಗಾಗುತ್ತದೆ: 288 + 90 − 54 = 324, ಅಂದರೆ ಶೇ. 72. ವರದಿಯಲ್ಲಿ ‘ಎರಡೂ ಪ್ರಶ್ನೆಗಳಿಗೆ ಉತ್ತರಿಸಿದ 450 ಮಂದಿಯಲ್ಲಿ’ ಎಂಬ ಮಾತು ಕಡ್ಡಾಯವಾಗಿ ಇರಲಿ.

ಖಾಲಿ ಬಿಟ್ಟ 50 ಮಂದಿಯ ಬಗ್ಗೆ ನಮಗೇನೂ ತಿಳಿಯದು ಎಂದುಕೊಳ್ಳಬೇಡಿ. ‘ಅಥವಾ’ದ ಸ್ವಾರಸ್ಯ ಇರುವುದೇ ಇಲ್ಲಿ. ಒಟ್ಟು ಪುಸ್ತಕ ಓದುಗರು 310, ಉತ್ತರಿಸಿದವರಲ್ಲಿ 288, ಆದ್ದರಿಂದ ಖಾಲಿ ಬಿಟ್ಟವರಲ್ಲಿ 22 ಮಂದಿ ಪುಸ್ತಕ ಓದುಗರೇ. ಆಡಿಯೋ ಪ್ರಶ್ನೆಗೆ ಅವರ ಉತ್ತರ ಏನೇ ಇದ್ದಿರಲಿ, ‘ಪುಸ್ತಕ ಅಥವಾ ಆಡಿಯೋ’ ಗುಂಪಿಗೆ ಅವರು ಸೇರಿಯೇ ಸೇರುತ್ತಾರೆ. ನಿಜವಾಗಿ ಅನಿಶ್ಚಿತರು ಉಳಿದ 28 ಮಂದಿ ಮಾತ್ರ. ಅವರಲ್ಲಿ ಯಾರೂ ಆಡಿಯೋ ಕೇಳುವುದಿಲ್ಲವೆಂದರೆ 324 + 22 = 346, ಅಂದರೆ 500ರಲ್ಲಿ ಶೇ. 69.2. ಎಲ್ಲರೂ ಕೇಳುತ್ತಾರೆಂದರೆ 374, ಶೇ. 74.8. ಯಾವ ಊಹೆಯನ್ನೂ ಮಾಡದೆ, 500 ಮಂದಿಯ ಬಗ್ಗೆ ಇಷ್ಟನ್ನು ಖಚಿತವಾಗಿ ಹೇಳಬಹುದು. ನಿಮ್ಮ 70 ಈ ಎರಡರ ನಡುವೆ ಬಿದ್ದಿದೆ ನಿಜ, ಆದರೆ ಅದು ಅದೃಷ್ಟ.

ಈಗ ವಯಸ್ಸಿನ ಅಸಮತೋಲ. ಸಂಕಲನ ನಿಯಮಕ್ಕೆ ಇದರಿಂದ ಬಾಧೆಯಿಲ್ಲ, ನಿಮ್ಮ ತೀರ್ಮಾನಕ್ಕೆ ಇದೆ. 500 ಮಂದಿಯನ್ನು ಕುರಿತು ‘30ರೊಳಗಿನವರು ಅಥವಾ ಮೊಬೈಲಿನವರು ಶೇ. 58’ ಎಂಬುದು ನಿಜವಾದ ಮಾತು. ಎಲ್ಲ ಸದಸ್ಯರನ್ನು ಕುರಿತು ಅದನ್ನೇ ಹೇಳಿದರೆ ಸುಳ್ಳಾಗುತ್ತದೆ, ಏಕೆಂದರೆ ಕಿರಿಯರು ತಮ್ಮ ಪಾಲಿಗಿಂತ ಹೆಚ್ಚಾಗಿ ಉತ್ತರಿಸಿದ್ದಾರೆ. ಇದಕ್ಕೆ ತೂಕ ಕೊಡುವುದು ರೂಢಿ, ಅಂದರೆ ಪ್ರತಿ ನಮೂನೆಯನ್ನು ಒಂದೆಂದು ಎಣಿಸದೆ, ಸದಸ್ಯರಲ್ಲಿ ಆ ಗುಂಪಿಗಿರುವ ಪಾಲಿಗೆ ತಕ್ಕಂತೆ ಎಣಿಸುವುದು. ಕಿರಿಯರ ಪ್ರತಿ ನಮೂನೆಗೆ 25ನ್ನು 40ರಿಂದ ಭಾಗಿಸಿ 0.625, ಹಿರಿಯರ ಪ್ರತಿ ನಮೂನೆಗೆ 75ನ್ನು 60ರಿಂದ ಭಾಗಿಸಿ 1.25 ಎಂದು ತೂಕವಿಟ್ಟರೆ, ಕಿರಿಯರು ಶೇ. 25, ಮೊಬೈಲಿನವರು ಶೇ. 40, ಎರಡೂ ಆಗಿರುವವರು ಶೇ. 17.5 ಬರುತ್ತಾರೆ. 25 + 40 − 17.5 = 47.5. ಬೇರೆ ದಾರಿಯಿಂದ ತಾಳೆ ನೋಡಿ: ಕಿರಿಯರೆಲ್ಲರೂ ಶೇ. 25, ಹಿರಿಯರ ಪಾಲಾದ ಶೇ. 75ರಲ್ಲಿ ಮೊಬೈಲಿನವರು ಹತ್ತಕ್ಕೆ ಮೂವರು, ಅದು ಶೇ. 22.5, ಒಟ್ಟು ಶೇ. 47.5. ಹೊಂದಿತು. ಹತ್ತು ಶೇಕಡಾ ಅಂಶಗಳಿಗಿಂತ ಹೆಚ್ಚಿನ ವ್ಯತ್ಯಾಸ ಇದು. ಎಚ್ಚರವಿರಬೇಕಾದುದು ಇಷ್ಟಕ್ಕೆ: ತೂಕವನ್ನು ಮೂರೂ ಪದಗಳಿಗೆ ಹಾಕಬೇಕು. ಮೊದಲ ಎರಡನ್ನು ತೂಕವಿಟ್ಟ ಕೋಷ್ಟಕದಿಂದ ತೆಗೆದು, ಮೂರನೆಯದನ್ನು ನೇರ ಎಣಿಕೆಯ 140ರಿಂದ ತಂದವರನ್ನು ಕಂಡಿದ್ದೇನೆ; ಇಲ್ಲಿ ಹಾಗೆ ಮಾಡಿದರೆ 25 + 40 − 28 = 37 ಬರುತ್ತದೆ. ಮೊಬೈಲಿನವರೇ ಶೇ. 40 ಇರುವಾಗ, ಅವರನ್ನು ಒಳಗೊಂಡ ದೊಡ್ಡ ಗುಂಪು ಶೇ. 37 ಆಗುವುದುಂಟೇ?

ಹೊಸ ಪ್ರಶ್ನೆ: ವರದಿ_ಓದುವವಳು

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಬಳಿ ಇರುವುದು ಬೇರೊಂದು ಸಮೀಕ್ಷೆಯ ಪ್ರಕಟಿತ ಸಾರಾಂಶ ಮಾತ್ರ. ಮೂಲ ಹಾಳೆ ನನಗೆ ಸಿಗುವುದಿಲ್ಲ. ‘ಎ’ ಇಷ್ಟು, ‘ಬಿ’ ಇಷ್ಟು ಎಂದಿದೆ, ಎರಡೂ ಆಗಿರುವವರ ಸಂಖ್ಯೆಯಿಲ್ಲ. ಏನನ್ನೂ ಹೇಳಲಾಗದೇ?

ಉತ್ತರ: ನಿವೃತ್ತ_ಮೇಷ್ಟ್ರು

ಹೇಳಬಹುದಮ್ಮಾ, ಒಂದು ಸಂಖ್ಯೆಯಾಗಿ ಅಲ್ಲ, ಎರಡು ಎಲ್ಲೆಗಳಾಗಿ. ಮೇಲಿನ 62 ಮತ್ತು 46ನ್ನೇ ತೆಗೆದುಕೊಳ್ಳಿ. ಎರಡರಲ್ಲೂ ಇರುವವರು ಚಿಕ್ಕ ಗುಂಪಾದ 46ನ್ನು ಮೀರಲಾರರು. ಒಟ್ಟು ನೂರನ್ನು ಮೀರುವಂತಿಲ್ಲವಾದ್ದರಿಂದ, 108ರಲ್ಲಿ ಹೆಚ್ಚಾದ 8 ಎರಡೂ ಕಡೆ ಎಣಿಕೆಯಾಗಿರಲೇಬೇಕು. ಆದ್ದರಿಂದ ‘ಎರಡೂ’ ಎಂಬುದು 8 ಮತ್ತು 46ರ ನಡುವೆ, ‘ಕನಿಷ್ಠ ಒಂದು’ ಎಂಬುದು 62 ಮತ್ತು 100ರ ನಡುವೆ. ಇವನ್ನು ಫ್ರೆಶೆ ಎಂಬ ಫ್ರೆಂಚ್ ಗಣಿತಜ್ಞರ ಹೆಸರಿನಿಂದ ಕರೆಯುತ್ತಾರೆ. ಎಲ್ಲೆಗಳು ಇಷ್ಟು ದೂರವಿದ್ದಾಗ ನಡುವಿನ ಒಂದು ಸಂಖ್ಯೆಯನ್ನು ಆರಿಸಿ ಬರೆಯುವ ಆಸೆಯಾಗುತ್ತದೆ, ಬರೆಯಬೇಡಿ. ಸಾರಾಂಶದಲ್ಲಿ ಎಲ್ಲಿಯಾದರೂ ‘ಎರಡೂ ಅಲ್ಲದವರು’ ಎಂಬ ಸಾಲಿದೆಯೇ ಎಂದು ಹುಡುಕಿ. ಅದೊಂದು ಸಿಕ್ಕರೆ, ಅದನ್ನು ನೂರರಿಂದ ಕಳೆದ ಕೂಡಲೇ ಎಲ್ಲೆಗಳೆರಡೂ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಅದರ ಛೇದ ಯಾವುದೆಂದು ಮಾದರಿ_ಮಂದಿಯವರು ಹೇಳಿದಂತೆ ಪರೀಕ್ಷಿಸುವುದು ಮಾತ್ರ ಬಿಡಬೇಡಿ.

ಉತ್ತರ: ಅಂದಾಜುಗಾರ

ಎಣಿಕೆಯ ಮಾತು ಮುಗಿಯಿತೆನಿಸುತ್ತದೆ, ಅನಿಶ್ಚಿತತೆಯ ಬಗ್ಗೆ ಯಾರೂ ಹೇಳಿಲ್ಲ. ಶೇ. 88 ಎಂದು ಬರೆದ ಮೇಲೆ ‘ಎಷ್ಟು ಹೆಚ್ಚು ಕಡಿಮೆ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಕೆಲವರು ಸೂತ್ರದಲ್ಲಿರುವ ಮೂರು ಪದಗಳ ಪ್ರಮಾಣಿತ ದೋಷಗಳನ್ನೂ (ಮಾದರಿಯಿಂದ ಮಾದರಿಗೆ ಸಂಖ್ಯೆ ಎಷ್ಟು ಅಲುಗಬಹುದು ಎಂಬುದರ ಅಳತೆ) ಕೂಡಿಬಿಡುತ್ತಾರೆ. 500 ಮಂದಿಯ ಮಾದರಿಯಲ್ಲಿ ಶೇ. 62ಕ್ಕೆ ಸುಮಾರು 2.2 ಅಂಶ, 46ಕ್ಕೆ 2.2, ಎರಡರಲ್ಲೂ ಇರುವ 20ಕ್ಕೆ 1.8, ಕೂಡಿದರೆ 6.2. ಇದು ಪೂರ್ತಿ ತಪ್ಪು. ಮೂರೂ ಸಂಖ್ಯೆಗಳು ಅದೇ 500 ಜನರಿಂದ ಬಂದಿವೆ, ಒಂದು ಏರಿದಾಗ ಇನ್ನೊಂದೂ ಜೊತೆಗೆ ಅಲುಗುತ್ತದೆ, ಆ ಅಲುಗಾಟಗಳು ಬಹುಮಟ್ಟಿಗೆ ಒಂದನ್ನೊಂದು ರದ್ದು ಮಾಡುತ್ತವೆ.

ಸರಳ ದಾರಿಯೆಂದರೆ ಹಾಳೆಯಲ್ಲಿ ಒಂದು ಹೊಸ ಕಾಲಂ ತೆರೆಯುವುದು. ಪುಸ್ತಕದಲ್ಲಾಗಲಿ ಮೊಬೈಲಿನಲ್ಲಾಗಲಿ 1 ಇದ್ದರೆ ಅಲ್ಲಿ 1, ಇಲ್ಲದಿದ್ದರೆ 0. ಈಗ ‘ಕನಿಷ್ಠ ಒಂದು’ ಎಂಬುದು ಬೇರೆ ಯಾವುದೇ ಹೌದು–ಇಲ್ಲ ಪ್ರಶ್ನೆಯಂತೆಯೇ ಒಂದು ಪ್ರಶ್ನೆ. 0.88 ಮತ್ತು 0.12ನ್ನು ಗುಣಿಸಿ, 500ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.0145, ಅಂದರೆ ಸುಮಾರು ಒಂದೂವರೆ ಅಂಶ. ಶೇ. 95ರ ವಿಶ್ವಾಸ ಮಟ್ಟದಲ್ಲಿ ಇದು 88ರ ಆಚೀಚೆ ಸುಮಾರು 2.8 ಅಂಶ. ಗಮನಿಸಿ, ಇದು ಪುಸ್ತಕದ ದೋಷಕ್ಕಿಂತಲೂ ಮೊಬೈಲಿನ ದೋಷಕ್ಕಿಂತಲೂ ಚಿಕ್ಕದು. ಇದೇ ಕಾಲಂ ಶೇಕಡಾವಾರುಗಳನ್ನು ದುಂಡು ಮಾಡಿದ್ದರಿಂದ ಬರುವ ಚಿಲ್ಲರೆ ವ್ಯತ್ಯಾಸಗಳಿಂದಲೂ ನಿಮ್ಮನ್ನು ಉಳಿಸುತ್ತದೆ.

ಈ ಲೆಕ್ಕ ಸರಳ ಯಾದೃಚ್ಛಿಕ ಮಾದರಿಗೆ, ಅಂದರೆ ಎಲ್ಲರಿಗೂ ಸಮಾನ ಅವಕಾಶವಿಟ್ಟು ಚೀಟಿ ಎತ್ತಿ ಆರಿಸಿದ ಮಾದರಿಗೆ, ಹೊಂದುವಂಥದು. ತೂಕವಿಟ್ಟ ಮೇಲೆ ಮಾದರಿಯ ಬಲ ಸ್ವಲ್ಪ ಕುಗ್ಗುತ್ತದೆ. ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗಗಳ ಮೊತ್ತದಿಂದ ಭಾಗಿಸುವ, ಸಂಖ್ಯಾಶಾಸ್ತ್ರಜ್ಞ ಕಿಶ್ ಅವರ ಸ್ಥೂಲ ಸೂತ್ರದಂತೆ, ನಿಮ್ಮ 0.625 ಮತ್ತು 1.25ರ ತೂಕಗಳಲ್ಲಿ 500 ನಮೂನೆಗಳು ಸುಮಾರು 457ಕ್ಕೆ ಸಮನಾಗುತ್ತವೆ. ಚಿಂತೆಪಡುವಷ್ಟು ನಷ್ಟವಲ್ಲ. ನಮೂನೆಯನ್ನು ಹಿಂದಿರುಗಿಸದವರು ಹಿಂದಿರುಗಿಸಿದವರಂತೆಯೇ ಓದುತ್ತಾರೆಯೇ ಎಂಬುದಕ್ಕೆ ಮಾತ್ರ ಇದರಲ್ಲಿ ಯಾವ ಸೂತ್ರವೂ ಉತ್ತರ ಕೊಡುವುದಿಲ್ಲ.

ಮರುಪ್ರತಿಕ್ರಿಯೆ: ಲೆಕ್ಕದಹಾಳೆ

ಹೊಸ ಕಾಲಂ ತೆರೆದೆ. 1ಗಳ ಮೊತ್ತ 440. ಅದೇ ಹುರುಪಿನಲ್ಲಿ 450 ಮಂದಿಗೆ ಪುಸ್ತಕ, ಮೊಬೈಲ್, ಆಡಿಯೋ ಮೂರನ್ನೂ ಸೇರಿಸಿದ ಇನ್ನೊಂದು ಕಾಲಂ ಮಾಡಿದರೆ 417 ಬಂತು. ಸೂತ್ರದಿಂದ ತಾಳೆ ನೋಡಲು ಹೊರಟಾಗ ನನ್ನ ಉತ್ತರ 381 ಆಗುತ್ತಿದೆ. ಒಂದೊಂದರ ಎಣಿಕೆ 288, 207, 90. ಜೋಡಿಗಳಲ್ಲಿ ಪುಸ್ತಕ–ಮೊಬೈಲ್ 90, ಪುಸ್ತಕ–ಆಡಿಯೋ 54, ಮೊಬೈಲ್–ಆಡಿಯೋ 60. ಮೊತ್ತ 585ರಿಂದ 204ನ್ನು ಕಳೆದಿದ್ದೇನೆ.

ಉತ್ತರ: ನಿವೃತ್ತ_ಮೇಷ್ಟ್ರು

ವ್ಯತ್ಯಾಸ 36. ಮೂರೂ ರೂಪಗಳಲ್ಲಿ ಓದುವವರು 36 ಮಂದಿಯೇ ಇರಬೇಕು, ಸೋಸಿ ನೋಡಿ. ಅಂಥ ಒಬ್ಬರನ್ನು ಮೊದಲ ಸಾಲಿನಲ್ಲಿ ಮೂರು ಬಾರಿ ಎಣಿಸಿದಿರಿ, ಜೋಡಿಗಳಲ್ಲಿ ಮೂರು ಬಾರಿ ಕಳೆದಿರಿ. ಪಾಪ, ಅವರು ಲೆಕ್ಕದಿಂದಲೇ ಹೊರಬಿದ್ದರು. ಅವರನ್ನು ಒಮ್ಮೆ ಮರಳಿ ಕೂಡಬೇಕು: 585 − 204 + 36 = 417.

ಮರುಪ್ರತಿಕ್ರಿಯೆ: ಲೆಕ್ಕದಹಾಳೆ

ಸೋಸಿದೆ. 36.